ಪ್ರಶ್ನೆಯಕ್ಕನ ಹೊಟ್ಟೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಅಲ್ಲಿ ಕೂತು ಡಾಕ್ಟರು ಬರೆದದ್ದನ್ನು ಓದಿ, ಕಂಪ್ಯೂಟರಿನಲ್ಲಿ ಕಾಯಿಲೆಗೆ ತಕ್ಕ ಸಂಕೇತ, ಅಂದರೆ ಕೋಡು, ಹಾಕುವುದು ಅವಳ ಕಸುಬು. ಅವಳ ಪಾಲಿಗೆ ಬಂದದ್ದು ಹೊಟ್ಟೆ. ನಮ್ಮಂಥವರು ‘ಗ್ಯಾಸು’ ಎಂದು ಒಂದೇ ಮಾತಲ್ಲಿ ಕೈತೊಳೆದುಕೊಳ್ಳುವ ಜಠರದ ಉರಿಯೂತದಲ್ಲಿ ಹೊಸದು ಬೇರೆ, ಹಳೆಯದು ಬೇರೆ. ರಕ್ತ ಸೋರಿದ್ದು ಬೇರೆ, ಸೋರದ್ದು ಬೇರೆ. ಡಾಕ್ಟರು ಬರೆಯದೆ ಬಿಟ್ಟರೆ ಊಹಿಸುವಂತಿಲ್ಲ, ಕೇಳಬೇಕು. ಉಳಿದವರು ‘ವಿವರವಿಲ್ಲ’ ಎಂಬ ಸಂಕೇತ ಒತ್ತಿ ಚಹಾಕ್ಕೆ ಏಳುತ್ತಿದ್ದರು. ಇವಳು ಮಾತ್ರ ಕೇಳುತ್ತಿದ್ದಳು. ಹಾಗಾಗಿಯೇ ‘ಪ್ರಶ್ನೆಯಕ್ಕ’ ಆದಳು. ಮೇಲಿನ ಮಹಡಿಯ ಹೊಟ್ಟೆ ಡಾಕ್ಟರಿಗೆ ಇವಳ ಪ್ರಶ್ನೆ ಹೋಗದ ದಿನವಿರಲಿಲ್ಲ. ಉತ್ತರ ಬಂದ ದಿನವೂ ಇರಲಿಲ್ಲ.

ಹೀಗಿರುವಾಗ ಅವಳ ಹೊಟ್ಟೆಯೇ ಅವಳಿಗೆ ತಿರುಗಿಬಿತ್ತು. ಬೆಳಗ್ಗೆ ಬಚ್ಚಲಲ್ಲಿ ವಾಂತಿ, ವಾಂತಿಯಲ್ಲಿ ರಕ್ತ. ಅದೇ ಡಾಕ್ಟರು ಗಂಟಲಿಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡಿ, ‘ಜಠರದ ಉರಿಯೂತ’ ಎಂದಷ್ಟೇ ಗೀಚಿದರು. ರಕ್ತದ ಸುದ್ದಿಯೇ ಇಲ್ಲ. ಆಸ್ಪತ್ರೆಯ ನಿಯಮದಂತೆ ಜಠರದಲ್ಲಿ ರಕ್ತ ಸೋರಿದ್ದರೆ ಎರಡು ವಾರ ರಜೆ. ಇಲ್ಲದಿದ್ದರೆ ಮಾತ್ರೆ ನುಂಗಿ ಕುರ್ಚಿಗೆ. ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದ ಅವಳಿಗೆ ರಜೆ ಬೇಕೇಬೇಕಿತ್ತು.

ತನ್ನ ಕಾಯಿಲೆಗೆ ತಾನೇ ಸಂಕೇತ ಹಾಕುವಂತಿಲ್ಲ. ಆ ಕೆಲಸ ಮೇಲ್ವಿಚಾರಕರದು. ಅವರೋ ಒಳ್ಳೆಯ ಮನುಷ್ಯ.

“ಅಕ್ಕಾ, ರಕ್ತ ಸೋರಿದೆ ಅಂತ್ಲೇ ಹಾಕ್ತೀನಿ. ಮನೇಲಿ ಆರಾಮಾಗಿ ಬಿದ್ಕೊಳ್ಳಿ.”

“ಡಾಕ್ಟ್ರು ಬರ್ದಿದಾರಾ?”

“ಇಲ್ಲ. ನೀವೇ ಕಣ್ಣಾರೆ ಕಂಡಿದೀರಲ್ಲ!”

“ನಾನು ಕಂಡಿದ್ದಕ್ಕೆಲ್ಲ ಸಂಕೇತ ಇಲ್ಲ ಸಾರ್.”

“ಅಯ್ಯೋ, ನಿಮ್ಮದೇ ಹೊಟ್ಟೆ ಕಣ್ರೀ!”

“ಹೊಟ್ಟೆ ನಂದು ಅಂತ ನಿಯಮ ಬದಲಾಗುತ್ತಾ? ಮುಟ್ಬೇಡಿ.”

ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡ. “ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರೆ. ಇಲ್ಲಿ ಪೂಜಾರಿ ಕೊಡ್ತೀನಿ ಅಂದ್ರೂ ಭಕ್ತೆಗೇ ಬೇಡ!”

ಮರುದಿನ ಅವಳು ಕಂಬಿ ಹಿಡಿದು ಮಹಡಿ ಹತ್ತಿ, ರೋಗಿಗಳ ಸಾಲಿನಲ್ಲಿ ಕೂತಳು. ಡಾಕ್ಟರು ಹೆಸರು ನೋಡಿ ಹುಬ್ಬೇರಿಸಿದರು.

“ಓಹೋ, ದಿನಾ ಪ್ರಶ್ನೆ ಕಳ್ಸೋರು ನೀವೇನಾ? ಯಾರೋ ಮೀಸೆ ಇರೋ ಗಂಡಸು ಅಂದ್ಕೊಂಡಿದ್ದೆ.”

“ಮೀಸೆ ಒಂದಿಲ್ಲ ಸಾರ್. ನನ್ನ ಹೊಟ್ಟೇಲಿ ರಕ್ತ ಸೋರಿದೆಯಾ, ಇಲ್ವಾ? ಬರ್ದುಕೊಡಿ.”

“ಏನು ಬೇಕೋ ನೀವೇ ಹಾಕ್ಕೊಳ್ರಮ್ಮ, ಹೊರಗೆ ಜನ ಕಾಯ್ತಿದಾರೆ.”

“ನಾನೇ ಹಾಕ್ಕೊಳ್ಳೋ ಹಾಗಿದ್ರೆ ಕೊಳವೇನೂ ನಾನೇ ಇಳಿಸ್ಕೊಳ್ತಿದ್ದೆ. ಕಾಯ್ತೀನಿ, ಬರೀರಿ.”

ಅವಳು ಏಳುವ ಲಕ್ಷಣ ಕಾಣಲಿಲ್ಲ. ಡಾಕ್ಟರು ನಿಟ್ಟುಸಿರಿಟ್ಟು ಕೊಳವೆಯಲ್ಲಿ ತೆಗೆದ ಚಿತ್ರಗಳನ್ನು ಮತ್ತೆ ತೆರೆದು, ಈ ಸಲ ನಿಧಾನವಾಗಿ ನೋಡಿದರು.

“ಒಳಪದರ ಕೆಂಪಾಗಿದೆ, ಅಷ್ಟೇ. ಎಲ್ಲೂ ಸೋರಿದ ಗುರುತಿಲ್ಲ. ವಾಂತಿ ಆದ ಹಿಂದಿನ ರಾತ್ರಿ ಮೂಗಲ್ಲಿ ರಕ್ತ ಬಂದಿತ್ತಾ?”

“ಬಂದಿತ್ತು. ಸೆಕೆಗೆ ಅಂತ ಸುಮ್ನಾದೆ.”

“ಅದನ್ನೇ ನುಂಗಿದೀರಿ, ಬೆಳಗ್ಗೆ ಕಕ್ಕಿದೀರಿ.” ಪೆನ್ನು ಎತ್ತಿದ ಡಾಕ್ಟರು ಕೈ ತಡೆದರು. “ಇದನ್ನ ಬರೆದ್ರೆ ನಿಮ್ಮ ರಜೆ ಹೋಗುತ್ತೆ, ಗೊತ್ತಲ್ಲ? ಬರೀದೆ ಬಿಡ್ಲಾ? ಕೆಳಗೆ ನಿಮಗೆ ಬೇಕಾದ್ದು ಹಾಕ್ಕೊಳ್ಳಿ.”

“ಬರೀದೆ ಬಿಡೋದೇ ನಿಮ್ಮ ಕಾಯಿಲೆ ಸಾರ್. ಬರೀರಿ.”

ಬರೆದರು. ಅವಳು ಕಂಬಿ ಹಿಡಿದೇ ಇಳಿದು ಬಂದಳು. ಮೇಲ್ವಿಚಾರಕರು ಓದಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

“ಅಕ್ಕಾ, ಇದು ನನ್ನ ಕಣ್ಣಿಗೆ ಬಿದ್ದೇ ಇಲ್ಲ ಅಂದ್ಕೊಳ್ಳಿ. ಈಗ್ಲೂ ಕಾಲ ಮಿಂಚಿಲ್ಲ.”

ಅವಳು ಸ್ಟೂಲೊಂದನ್ನು ಎಳೆದುಕೊಂಡು ಅವರ ಪಕ್ಕದಲ್ಲೇ ಕೂತಳು.

“ಇನ್ನೊಬ್ಬರ ಸುಳ್ಳು ಹೊದ್ಕೊಂಡು ನನಗೆ ನಿದ್ದೆ ಬರಲ್ಲ ಸಾರ್. ರಕ್ತಸ್ರಾವ ಇಲ್ಲ. ಒತ್ತಿ.”

ಒತ್ತಿದರು. ಎರಡು ವಾರದ ರಜೆ ಒಂದು ಬೆರಳಿಗೆ ಹೋಯಿತು. ಅವಳು ಹೊಟ್ಟೆ ಹಿಡಿದುಕೊಂಡೇ ತನ್ನ ಕುರ್ಚಿಗೆ ಹೋಗಿ, ಮಾತ್ರೆ ನುಂಗಿ, ಮುಂದಿನವರ ಹೊಟ್ಟೆ ತೆರೆದಳು.