ಎರಡು ಕ್ಯಾಮೆರಾ, ಒಂದು ಧಾರೆ

ನ್ಯಾಯಸಮ್ಮತ ಹೋಲಿಕೆಗೆ ಎರಡೂ ಪಕ್ಷಗಳಿಗೆ ಸಮಾನ ಅವಕಾಶ, ಸಮಾನ ಸಮಯ ಮತ್ತು ಯಾವ ಪಕ್ಷಕ್ಕೂ ಸೇರದ ಒಬ್ಬ ಮಧ್ಯಸ್ಥ ಇರಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತಿದ್ದೆ. ಆ ನಿಯಮಗಳನ್ನು ಒಂದಕ್ಷರ ಸಡಿಲಿಸದೆ ಪಾಲಿಸಿದ್ದು ಜೀವನದಲ್ಲಿ ಒಂದೇ ಬಾರಿ. ಅದು ನನ್ನ ತಂಗಿಯ ಮದುವೆಯ ದಿನ.

ಆಗ ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನ ವೇಳೆಯಲ್ಲಿ ಸಮಾಜವನ್ನು ತಿದ್ದುತ್ತಿದ್ದೆ. ಆ ವರ್ಷದ ನನ್ನ ಗುರಿ ಸರಳ ವಿವಾಹ. ನಂದಿಬೆಟ್ಟದ ತಪ್ಪಲಿನಲ್ಲಿ ಬಣ್ಣದ ಹೊಗೆಯ ಡಬ್ಬಿ ಹಿಡಿದು ಓಡುವ ವಧೂವರರನ್ನು, ತಾಳಿ ಕಟ್ಟುವ ಕೈಯ ಮೇಲೆ ಗುಂಯ್‌ಗುಡುವ ಡ್ರೋನನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಮದುವೆಯ ಖರ್ಚಿನಲ್ಲಿ ಛಾಯಾಚಿತ್ರಕ್ಕೆ ಹೋಗುವ ಪಾಲನ್ನು ಇಲ್ಲವಾಗಿಸಿದರೆ ಅರ್ಧ ಸುಧಾರಣೆ ಆದಂತೆಯೇ ಎಂಬುದು ನನ್ನ ವಾದ. ಒಂದು ಸಾಧಾರಣ ಡಿಎಸ್ಎಲ್ಆರ್ ಕ್ಯಾಮೆರಾ ಕೊಂಡು, ಸರಳವಾಗಿ ಮದುವೆಯಾಗುವ ಯಾರಿಗೇ ಆಗಲಿ ಉಚಿತವಾಗಿ ಚಿತ್ರ ತೆಗೆದುಕೊಡುವುದು ನನ್ನ ಯೋಜನೆ. ಯಾವ ಕ್ಯಾಮೆರಾ ಎಂಬಲ್ಲಿಗೆ ಬಂದು ಯೋಜನೆ ನಿಂತಿತು.

ಹೊಸಬರಿಗೆಂದೇ ಮಾಡಿದ ಕ್ಯಾಮೆರಾಗಳಲ್ಲಿ ಪೈಪೋಟಿ ಇದ್ದದ್ದು ಎರಡು ಕಂಪನಿಗಳ ನಡುವೆ. ಒಂದರ ಕೊರಳಪಟ್ಟಿಯಲ್ಲಿ ಕೆಂಪು, ಇನ್ನೊಂದರದ್ದರಲ್ಲಿ ಹಳದಿ. ಬೆಲೆ ಹೆಚ್ಚುಕಡಿಮೆ ಒಂದೇ, ಜೊತೆಗೆ ಕೊಡುವ ಲೆನ್ಸೂ ಒಂದೇ ಅಳತೆಯದು. ನನ್ನೊಂದಿಗೆ ಕಾಲೇಜಿನ ಚರ್ಚಾತಂಡದಲ್ಲಿದ್ದ ಇಬ್ಬರು ಗೆಳೆಯರ ಬಳಿ ಒಂದೊಂದು ಇತ್ತು. ಕೆಂಪುಪಟ್ಟಿಯವನು ಶಿಡ್ಲಘಟ್ಟದವನು, ರೇಷ್ಮೆನೂಲಿನ ವ್ಯಾಪಾರದ ಮನೆತನ. ಮನೆಯಲ್ಲಿ ಉರ್ದು ಮಾತಾಡುತ್ತ ಬೆಳೆದು, ವೇದಿಕೆಯಲ್ಲಿ ನಮ್ಮೆಲ್ಲರಿಗಿಂತ ಚೆಂದದ ಕನ್ನಡ ಮಾತಾಡುತ್ತಿದ್ದವನು. ಹಳದಿಪಟ್ಟಿಯವನು ಗೌರಿಬಿದನೂರಿನ ಉಪನ್ಯಾಸಕ. ಎದುರಾಳಿ ಮಾತು ಮುಗಿಸುವ ಮೊದಲೇ ಖಂಡನೆಯನ್ನು ಬರೆದಿಟ್ಟುಕೊಳ್ಳುವವನು. ನನ್ನ ಬಳಿ ಕ್ಯಾಮೆರಾ ಇರಲಿಲ್ಲವಾದ್ದರಿಂದ ಮಧ್ಯಸ್ಥನಾಗುವ ಅರ್ಹತೆ ನನಗೆ ತಾನಾಗಿಯೇ ಬಂತು.

ಮೊದಲ ಪರೀಕ್ಷೆಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದೆವು. ಬಿಳಿಯನ್ನು ಬಿಳಿಯಾಗಿಯೇ ತೋರಿಸುವುದು ಕ್ಯಾಮೆರಾದ ಸತ್ಯನಿಷ್ಠೆ. ರೇಷ್ಮೆಗೂಡಿಗಿಂತ ಒಳ್ಳೆಯ ಬಿಳಿ ಬೇರೆಲ್ಲಿ ಸಿಗುತ್ತದೆ? ಒಬ್ಬ ರೈತ ಗೂಡು ಹರಡಿದ್ದ ಜಾಲರಿಯ ಮುಂದೆ ಮಂಡಿಯೂರಿ ಇಬ್ಬರೂ ಚಿತ್ರ ತೆಗೆದರು. ಹಳದಿಪಟ್ಟಿಯದರ ಪರದೆಯಲ್ಲಿ ಗೂಡು ಕೊಂಚ ಅರಿಶಿನಕ್ಕೆ ತಿರುಗಿತ್ತು. ಬಗ್ಗಿ ನೋಡಿದ ರೈತ ಗಾಬರಿಯಾಗಿ, "ಸಾರ್, ಇದನ್ನ ಯಾರಿಗೂ ತೋರಿಸ್ಬೇಡಿ, ರೇಟು ಬಿದ್ದೋಗುತ್ತೆ" ಎಂದು ಕೈಮುಗಿದ. ಅದು ದೀಪದ ದೋಷವೇ ಹೊರತು ಕ್ಯಾಮೆರಾದ್ದಲ್ಲವೆಂದು ಉಪನ್ಯಾಸಕ ಅಲ್ಲಿಯೇ ಒಂದು ಸಣ್ಣ ಭಾಷಣ ಮಾಡಿದ. ಜಾಲರಿಯನ್ನು ಬಟ್ಟೆಯಿಂದ ಮುಚ್ಚಿಕೊಂಡೇ ರೈತ ಅದನ್ನು ಕೇಳಿದ.

ಮುಂದಿನ ಭಾನುವಾರ ವಿದುರಾಶ್ವತ್ಥದ ದೇವಸ್ಥಾನದಲ್ಲಿ, ನಾಗರಕಲ್ಲುಗಳ ಸಾಲಿನಲ್ಲಿ ನೆರಳಿನ ಪರೀಕ್ಷೆ. ಅಲ್ಲಿ ಹಳದಿಪಟ್ಟಿಯದು ಗೆದ್ದಿತು: ಕತ್ತಲ ಮೂಲೆಯ ಹೆಡೆಯ ಗೆರೆಗಳನ್ನೂ ಅದು ಬಿಡಿಸಿ ತೋರಿಸಿತು. ಗೆಲುವನ್ನು ಒಪ್ಪದ ಶಿಡ್ಲಘಟ್ಟದವನು, ಮದುವೆಯಲ್ಲಿ ಜನ ನೋಡುವುದು ಮುಖವನ್ನು, ಮೂಲೆಯನ್ನಲ್ಲ, ಮುಖದ ಬಣ್ಣದಲ್ಲಿ ತನ್ನದನ್ನು ಮೀರಿಸುವುದು ಸಾಧ್ಯವಿಲ್ಲ ಎಂದ. ವಾದ ಸಮಂಜಸವಾಗಿತ್ತು. ಹಾಗಾದರೆ ಮದುವೆಯಲ್ಲೇ ಪರೀಕ್ಷಿಸೋಣವೆಂದು ನಾನು ತೀರ್ಪಿತ್ತೆ. ತಂಗಿಯ ಮದುವೆ ಹದಿನೈದು ದಿನಕ್ಕೆ ನಿಶ್ಚಯವಾಗಿತ್ತು. ಕೈವಾರದ ಒಂದು ಸಣ್ಣ ಛತ್ರದಲ್ಲಿ, ನನ್ನ ಎಲ್ಲ ತತ್ತ್ವಗಳಿಗೂ ಒಪ್ಪುವಷ್ಟು ಸರಳವಾಗಿ.

ತಂಗಿ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಷರತ್ತು ಹಾಕಿದಳು. ಅದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು.

ನಮ್ಮ ತಂದೆ ತೀರಿಕೊಂಡ ಮೇಲೆ ಅಮ್ಮ ಯಾವ ಮದುವೆಯ ಚಿತ್ರದಲ್ಲೂ ಇಲ್ಲ. ಯಾರೂ ಗದರಿಸಿ ಕಳಿಸಿದ್ದಲ್ಲ. ಕ್ಯಾಮೆರಾ ತಿರುಗುವಷ್ಟರಲ್ಲಿ ಅವಳೇ ಅಡುಗೆಯ ಕಡೆಗೋ ಉಗ್ರಾಣದ ಕಡೆಗೋ ಸರಿದುಬಿಡುತ್ತಿದ್ದಳು. ತಂದೆಯಿಲ್ಲದ ಹುಡುಗಿಗೆ ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆಯುವುದು ನಮ್ಮಲ್ಲಿ ವಾಡಿಕೆ. ತಾಯಿ ಕಂಬದ ಹಿಂದೆ ನಿಂತು ನೋಡುತ್ತಾಳೆ. ತಂಗಿ ಒಪ್ಪಲಿಲ್ಲ. ತನ್ನನ್ನು ಸಾಕಿದವಳೇ ತಂಬಿಗೆ ಹಿಡಿಯಬೇಕು, ಇಲ್ಲವಾದರೆ ಹಸೆಯ ಮೇಲೆ ಕೂರುವುದಿಲ್ಲ ಎಂದಳು. ವಿಧವೆಯರ ಬಹಿಷ್ಕಾರದ ವಿರುದ್ಧ ಮಾತಾಡಿ ನಾನು ಎರಡು ಅಂತರಕಾಲೇಜು ಬಹುಮಾನ ಪಡೆದಿದ್ದೆ. ಆ ಮಾತನ್ನು ನಮ್ಮ ಮನೆಯೊಳಗೆ ಎತ್ತಬಹುದೆಂದು ನನಗೆ ಹೊಳೆದಿರಲಿಲ್ಲ. ಅಮ್ಮ ಮೂರು ದಿನ ಅತ್ತು, ನಾಲ್ಕನೆಯ ದಿನ ಹೂಂ ಎಂದಳು.

"ಅಣ್ಣ, ನಿನ್ನ ಪರೀಕ್ಷೆ ಏನ್ ಬೇಕಾದ್ರೂ ಮಾಡ್ಕೋ," ಎಂದಳು ತಂಗಿ. "ಅಮ್ಮ ಧಾರೆ ಎರೆಯೋದು ಒಂದು ಫೋಟೋ ಬೇಕು ನನಗೆ. ಒಂದೇ ಒಂದು. ನಾಳೆ ಅತ್ತೆ ಹಂಗೇನೂ ಆಗ್ಲಿಲ್ಲ ಅಂತಾರೆ. ಅಮ್ಮನೂ ಹೂಂ ಅಂತಾಳೆ."

ಅತ್ತೆ ಎಂದರೆ ಚಿಂತಾಮಣಿಯಲ್ಲಿರುವ ನಮ್ಮ ಸೋದರತ್ತೆ, ತಂದೆಯ ಅಕ್ಕ. ಸುದ್ದಿ ತಿಳಿದ ದಿನವೇ ಬಸ್ಸು ಹತ್ತಿ ಬಂದು, ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಅಮ್ಮನನ್ನು ಬಿಟ್ಟು ಮಿಕ್ಕೆಲ್ಲರನ್ನೂ ಬೈದು ಹೋಗಿದ್ದರು. ಅಂಥವರ ಮುಂದೆ ಪುರಾವೆ ಅಗತ್ಯವೆಂಬುದು ನನಗೂ ಮನವರಿಕೆಯಾಯಿತು. ಒಂದಲ್ಲ, ಎರಡು ಕ್ಯಾಮೆರಾಗಳ ಪುರಾವೆ ಸಿಗುತ್ತದೆ ಎಂದು ಭರವಸೆ ಕೊಟ್ಟೆ.

ಆಮೇಲೆ ನಿಯಮಾವಳಿ ರಚಿಸಿದೆ. ಇಬ್ಬರೂ ಒಂದೇ ದೂರದಲ್ಲಿ ಅಕ್ಕಪಕ್ಕ ನಿಲ್ಲಬೇಕು. ಫ್ಲಾಶ್ ಬಳಸಬಾರದು. ನಾನು ಬಿಳಿ ಕರ್ಚೀಫು ಎತ್ತಿದ ಕ್ಷಣದಲ್ಲೇ ಇಬ್ಬರೂ ಒತ್ತಬೇಕು. ಸಂಜ್ಞೆಯಿಲ್ಲದೆ ತೆಗೆದವನು ಸ್ಪರ್ಧೆಯಿಂದ ಹೊರಗೆ. ಇಬ್ಬರೂ ಸಹಿ ಹಾಕಿದರು. ಲಗ್ನಪತ್ರಿಕೆಯ ಕೆಳಗೆ ನನ್ನದೇ ಒಂದು ವಿನಂತಿಯನ್ನೂ ಅಚ್ಚು ಹಾಕಿಸಿದ್ದೆ: ಮುಹೂರ್ತದ ವೇಳೆ ದಯವಿಟ್ಟು ಮೊಬೈಲ್ ಎತ್ತದೆ, ಕಣ್ಣಿನಿಂದ ನೋಡಿ ಹರಸಿರಿ. ಸಾರ್ವಜನಿಕರು ನನ್ನ ಯಾವ ವಿನಂತಿಯನ್ನೂ ಅದುವರೆಗೆ ಪಾಲಿಸಿದ್ದಿಲ್ಲವಾದ್ದರಿಂದ ಅದರ ಪರಿಣಾಮವನ್ನು ನಾನು ಯೋಚಿಸಲಿಲ್ಲ.

ಮದುವೆಯ ಬೆಳಿಗ್ಗೆ ಎಲ್ಲವೂ ನಿಯಮದಂತೆ ನಡೆಯಿತು. ಕಳಶ ಎರಡು ಸಲ ದಾಖಲಾಯಿತು. ಬಾಸಿಂಗ, ಆರತಿ ತಟ್ಟೆ, ಪುರೋಹಿತರ ಹೋಮದ ಸೌಟು, ಎಲ್ಲವೂ ಜೋಡಿಜೋಡಿಯಾಗಿ. ವರನ ತಂದೆ ನನ್ನ ಕರ್ಚೀಫನ್ನು ನೋಡಿ ನೋಡಿ, ನಮ್ಮ ಕಡೆ ಇದೊಂದು ಶಾಸ್ತ್ರವಿರಬೇಕೆಂದು ತಿಳಿದು, ತಾವೂ ಜೇಬಿನಿಂದ ಒಂದು ಕರ್ಚೀಫು ತೆಗೆದು ಹೆಗಲ ಮೇಲೆ ಹಾಕಿಕೊಂಡರು.

ಮುಹೂರ್ತ ಬಂತು. ತಂಗಿಯ ಕೈ, ವರನ ಕೈ, ಮೇಲೊಂದು ತೆಂಗಿನಕಾಯಿ. ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಅಮ್ಮ ಉಗ್ರಾಣದ ಬಾಗಿಲಿನಿಂದ ಹೊರಬಂದಳು. ಹಸಿರು ಅಂಚಿನ ರೇಷ್ಮೆ ಸೀರೆ. ಅದನ್ನು ಅವಳು ಉಟ್ಟದ್ದನ್ನು ನಾನು ಬಾಲ್ಯದಲ್ಲಿ ನೋಡಿದ್ದು ಬಿಟ್ಟರೆ ಆಮೇಲೆ ಕಂಡಿರಲಿಲ್ಲ. ನೂರು ಜನರಿದ್ದ ಸಭೆಯ ನಡುವೆ ಉಗ್ರಾಣದಿಂದ ಮಂಟಪಕ್ಕೆ ಇಪ್ಪತ್ತು ಹೆಜ್ಜೆ. ಅವಳು ಯಾರ ಮುಖವನ್ನೂ ನೋಡದೆ, ಯಾರದೋ ಮನೆಯ ಒದ್ದೆ ನೆಲದ ಮೇಲೆ ನಡೆಯುವವಳ ಹಾಗೆ ನಡೆದು ಬಂದು, ತಂಬಿಗೆ ಎತ್ತಿಕೊಂಡಳು. ಕೈ ನಡುಗಿ ಹಾಲು ಮೊದಲು ವರನ ಮಣಿಕಟ್ಟಿನ ಮೇಲೆ ಬಿತ್ತು. ತಂಗಿ ತಲೆಯೆತ್ತಿ ಅವಳನ್ನು ನೋಡಿದಳು. ಅಮ್ಮ ತಂಬಿಗೆಯನ್ನು ಸರಿಪಡಿಸಿಕೊಂಡು ಕೊನೆಯ ಹನಿಯವರೆಗೆ ಎರೆದಳು. ವಾದ್ಯ ಜೋರಾಯಿತು, ಅಕ್ಷತೆ ಬಿತ್ತು.

ನನಗೆ ಕಣ್ಣು ಮಂಜಾಗಿತ್ತು. ಒರೆಸಿಕೊಳ್ಳಲು ಕೈ ಎತ್ತಿದಾಗ ಕರ್ಚೀಫು ಇನ್ನೂ ಮುಷ್ಟಿಯಲ್ಲೇ ಮಡಿಸಿಕೊಂಡಿರುವುದು ಕಂಡಿತು.

ಪಕ್ಕಕ್ಕೆ ತಿರುಗಿದೆ. ಇಬ್ಬರು ಗೆಳೆಯರೂ ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು, ಬೆರಳನ್ನು ಗುಂಡಿಯ ಮೇಲಿಟ್ಟು, ಕದಲದೆ ನನ್ನ ಸಂಜ್ಞೆಗೆ ಕಾಯುತ್ತಿದ್ದರು. ಕಾಲೇಜಿನ ದಿನಗಳಲ್ಲಿ ಗಂಟೆ ಬಾರಿಸಿದ ಮೇಲೂ ಮಾತು ನಿಲ್ಲಿಸದ ಇಬ್ಬರು ಅಂದು ನಿಯಮವನ್ನು ಅಕ್ಷರಶಃ ಪಾಲಿಸಿದ್ದರು. ಸಭೆಯತ್ತ ನೋಡಿದೆ. ಒಂದೇ ಒಂದು ಮೊಬೈಲ್ ಮೇಲೆದ್ದಿರಲಿಲ್ಲ. ಎಲ್ಲರೂ ಕಣ್ಣಿನಿಂದ ನೋಡಿ ಹರಸುತ್ತಿದ್ದರು; ಮುಂದಿನ ಸಾಲಿನಲ್ಲಿದ್ದ ಅತ್ತೆ ನೋಡುತ್ತ ಮಾತ್ರ ಇದ್ದರು.

"ಭಾಯ್, ನೀನು ಎತ್ತಲೇ ಇಲ್ವಲ್ಲ," ಎಂದ ಶಿಡ್ಲಘಟ್ಟದವನು, ಮೆಲ್ಲಗೆ. ಉಪನ್ಯಾಸಕ ಜೇಬಿನಿಂದ ನಿಯಮಾವಳಿ ತೆಗೆದು ಮತ್ತೊಮ್ಮೆ ಓದತೊಡಗಿದ.

ತಂಗಿಗೆ ನಮ್ಮ ಮೂವರ ಮುಖ ನೋಡಿಯೇ ಗೊತ್ತಾಯಿತು. ಹಸೆಯಿಂದಲೇ ನನ್ನನ್ನು ಹತ್ತಿರ ಕರೆದು, ಪುರೋಹಿತರಿಗೆ ಕೇಳಿಸದಂತೆ, "ಎರಡು ಕ್ಯಾಮೆರಾ ಇಟ್ಕೊಂಡು ಒಂದು ಫೋಟೋ ಇಲ್ವಾ ಅಣ್ಣ?" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು.

ಶಿಡ್ಲಘಟ್ಟದವನು ವ್ಯವಹಾರಸ್ಥ. ಬಾಡಿಗೆ ಫೋಟೋಗ್ರಾಫರುಗಳು ದಿನಾಲೂ ಮಾಡುವುದನ್ನು ಅವನು ಸೂಚಿಸಿದ: ತಂಬಿಗೆಗೆ ಇನ್ನಷ್ಟು ಹಾಲು ತುಂಬಿಸೋಣ, ಅಮ್ಮ ಮತ್ತೊಮ್ಮೆ ಎರೆಯಲಿ, ಎರಡು ನಿಮಿಷದ ಕೆಲಸ. ಮರುನಟನೆ ಪುರಾವೆಯಾಗುವುದಿಲ್ಲವೆಂಬ ಆಕ್ಷೇಪ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡು, ನಾನೇ ಅಮ್ಮನ ಬಳಿ ಹೋಗಿ ಬೇಡಿದೆ. ಅವಳು ಉಗ್ರಾಣದಲ್ಲಿ ಬಾಳೆಯೆಲೆ ಎಣಿಸುತ್ತಿದ್ದಳು.

"ಮಗಳನ್ನ ಎರಡು ಸಲ ಕೊಡಕ್ಕಾಗುತ್ತೇನಪ್ಪ?" ಎಂದು, ಎಲೆ ಎಣಿಸುವುದನ್ನು ಮುಂದುವರಿಸಿದಳು.

ಆರುನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಒಂದು ತಿಂಗಳ ಕಾಲ ಮೂವರೂ ಕೂತು ಅವುಗಳನ್ನು ಜೋಡಿಸಿ ನೋಡಿದೆವು. ಚರ್ಮದ ಬಣ್ಣದಲ್ಲಿ ಕೆಂಪುಪಟ್ಟಿಯದು ಮೇಲು, ಕಪ್ಪು ಕೋಟಿನ ಮಡಿಕೆಗಳಲ್ಲಿ ಹಳದಿಪಟ್ಟಿಯದು ಮೇಲು, ಬ್ಯಾಟರಿಯಲ್ಲಿ ಹಳದಿ, ಹಿಡಿತದಲ್ಲಿ ಕೆಂಪು. ವರದಿ ಹನ್ನೊಂದು ಪುಟ ಬಂತು. ತಂಗಿಗೆ ಕಳಿಸುವ ಧೈರ್ಯ ನನಗಿರಲಿಲ್ಲ. ಅವಳು ಫೋನಿನಲ್ಲಿ ಅಮ್ಮನೊಂದಿಗೆ ಮಾತಾಡುತ್ತಿದ್ದಳು. ನನ್ನ ಕೈಗೆ ಫೋನು ಬಂದರೆ ಊಟವಾಯಿತೇ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದಳು.

ಆದರೆ ಅತ್ತೆಯ ವಿಷಯದಲ್ಲಿ ನಮ್ಮ ಅಂದಾಜು ಪೂರ್ತಿ ತಪ್ಪಾಗಿತ್ತು. ಹಾಗೇನೂ ಆಗಲಿಲ್ಲ ಎಂದು ಅವರು ಹೇಳಲೇ ಇಲ್ಲ. ಆದದ್ದನ್ನು ಚಿಂತಾಮಣಿಯ ಬಸ್‌ಸ್ಟ್ಯಾಂಡಿನಿಂದ ಹಿಡಿದು ತಾವು ಹೋದ ಪ್ರತಿಯೊಂದು ನಾಮಕರಣ, ತಿಥಿ, ಗೃಹಪ್ರವೇಶದಲ್ಲೂ ಕಣ್ಣಿಗೆ ಕಟ್ಟುವಂತೆ ಹೇಳಿದರು. "ಏಮ್ಮಾ, ಕೇಳಿದ್ಯಾ, ನಮ್ಮ ತಮ್ಮನ ಹೆಂಡ್ತಿ ಇದ್ದಾಳಲ್ಲ, ತಾನೇ ಬಂದು ತಂಬಿಗೆ ಎತ್ಕೊಂಡ್ಲು" ಎಂದು ಶುರುವಾದರೆ ಸೀರೆಯ ಅಂಚು, ಇಪ್ಪತ್ತು ಹೆಜ್ಜೆ, ವರನ ಮಣಿಕಟ್ಟಿನ ಮೇಲೆ ಬಿದ್ದ ಹಾಲು, ಒಂದನ್ನೂ ಬಿಡುತ್ತಿರಲಿಲ್ಲ. ಸಿಟ್ಟಿನಲ್ಲಿ ಕೆಲವನ್ನು ಸೇರಿಸುತ್ತಲೂ ಇದ್ದರು: ಅಮ್ಮ ಮಲ್ಲಿಗೆ ಮುಡಿದಿದ್ದಳಂತೆ, ಚಿಕ್ಕಪ್ಪನ ಕೈಯಿಂದ ತಂಬಿಗೆ ಕಸಿದಳಂತೆ. ಎರಡು ತಿಂಗಳಲ್ಲಿ ನಾಲ್ಕು ತಾಲ್ಲೂಕಿನ ನೆಂಟರಿಗೂ ವಿಷಯ ಗೊತ್ತಾಗಿತ್ತು. ನನ್ನ ಯಾವ ಭಾಷಣಕ್ಕೂ ಅಷ್ಟು ವ್ಯಾಪಕ ಪ್ರಚಾರ ಸಿಕ್ಕಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ತೊಂಡೇಬಾವಿಯಿಂದ ಒಬ್ಬ ಹೆಂಗಸು ಮನೆ ಹುಡುಕಿಕೊಂಡು ಬಂದರು. ನಮಗೆ ದೂರದ ನೆಂಟಸ್ತಿಕೆ. ಗಂಡ ತೀರಿ ಆರು ವರ್ಷ, ಮುಂದಿನ ತಿಂಗಳು ಮಗಳ ಮದುವೆ. ಅತ್ತೆಯ ಬಾಯಿಂದ ಯಾವುದೋ ಗೃಹಪ್ರವೇಶದಲ್ಲಿ ಕೇಳಿದ್ದರಂತೆ. ಮನೆಯಲ್ಲಿ ಮೈದುನಂದಿರು ಅದೆಲ್ಲ ಕಟ್ಟುಕಥೆ ಎನ್ನುತ್ತಾರೆ. ಫೋಟೋ ಇದ್ದರೆ ಒಂದು ಪ್ರತಿ ಕೊಟ್ಟರೆ ತೋರಿಸುತ್ತೇನೆ ಎಂದು ನನ್ನನ್ನು ಕೇಳಿದರು.

ಲ್ಯಾಪ್‌ಟಾಪಿನಲ್ಲಿ ಹೋಮದ ಸೌಟಿನ ಹದಿನಾಲ್ಕು ಚಿತ್ರಗಳಿದ್ದವು. ಅವರು ಕೇಳಿದ್ದು ಇಲ್ಲವೆಂದೂ, ತಪ್ಪು ನನ್ನದೆಂದೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ನೋಡಿದರೆ ಅವರು ಹೊರಡಲು ಚೀಲವನ್ನು ಹೆಗಲಿಗೆ ಏರಿಸಿಕೊಂಡಾಗಿತ್ತು.

ಅಮ್ಮ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ನೀರು ತುಂಬಿದ ತಂಬಿಗೆ ಇತ್ತು.

"ಫೋಟೋ ತೋರಿಸಿದ್ರೆ ಮೈದುನರು ಒಪ್ತಾರೇನಮ್ಮ? ನಾನೇ ಬರ್ತೀನಿ ಮದುವೆಗೆ. ನಾನೆರೆದೆ ಅಂತ ಅವರ ಮುಂದೆ ಹೇಳ್ತೀನಿ. ಈಗ ಚೀಲ ಇಳಿಸಿ, ಇದನ್ನ ಹಿಡಿ."

ಹೆಂಗಸು ತಂಬಿಗೆ ಹಿಡಿದರು. ಅಮ್ಮ ನನ್ನ ಕೈಗಳನ್ನು ಎಳೆದು ಜೋಡಿಸಿ, ಕೆಳಗೆ ಒಂದು ಬೋಗುಣಿ ಇಟ್ಟಳು. ಮೊದಲ ಧಾರೆ ನನ್ನ ಮೊಳಕೈಗೆ ಬಿದ್ದು ಅಂಗಿಯ ತೋಳು ನೆನೆಯಿತು.

"ಕೈ ನಡುಗುತ್ತೆ," ಎಂದರು ಆಕೆ.

"ನಡುಗ್ಲಿ ಬಿಡು. ಆಗ ಹಾಲು ಸಣ್ಣಗೆ ಬೀಳುತ್ತೆ, ಬೇಗ ಮುಗಿಯಲ್ಲ," ಎಂದಳು ಅಮ್ಮ, ಆಕೆಯ ಮೊಳಕೈಗೆ ತನ್ನ ಅಂಗೈಯನ್ನು ಆನಿಸಿ. "ಜನದ ಕಡೆ ನೋಡ್ಬೇಡ. ಮಗಳ ಮುಖ ನೋಡು."