‘ಉ’ ಮನೆಯ ಉಳ್ಳಾಗಡ್ಡಿ

ಸರಸಂಬಾದ ಕನ್ನಡ ಶಾಲೆಯಲ್ಲಿ ಖುರ್ಷಿದಬೇಗಂ ಟೀಚರಿಗೆ ಒಂದು, ಎರಡು, ಮೂರನೆಯ ತರಗತಿ ಒಟ್ಟಿಗೇ ಗಂಟುಬಿದ್ದಿವೆ. ಮಕ್ಕಳು ತಾವೇ ಮಾಡಿ ಕಲಿಯಬೇಕು, ಟೀಚರ್ ಕುರ್ಚಿ ಬಿಟ್ಟು ಅವರೊಂದಿಗೆ ನೆಲದ ಮೇಲೆ ಕೂರಬೇಕು ಎಂಬುದು ಈಗಿನ ಪದ್ಧತಿ. ಕೂರುವುದೇನೋ ಸರಿ, ಏಳುವುದೇ ಕಷ್ಟ. ಪದ್ಧತಿ ಮಾಡಿದವರಿಗೆ ಮೊಣಕಾಲು ಇದ್ದಂತಿಲ್ಲ. ಆಳಂದದಿಂದ ಬಸ್ಸಿನಲ್ಲಿ ನಿಂತೇ ಬಂದು, ಒಂದು ಗುಂಪಿಗೆ ಕಾರ್ಡು ಹಂಚುವಷ್ಟರಲ್ಲಿ ಇನ್ನೊಂದು ಗುಂಪು ಜಗಳಕ್ಕೆ ನಿಂತಿರುತ್ತದೆ. ಟೀಚರ್ ಸೋತುಹೋಗಿದ್ದರು. ಆದರೆ ಮಕ್ಕಳು ಕಲಿಯುವುದು ಹೀಗೆಯೇ ಎಂದು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಬಿಡಲೂ ಆಗುತ್ತಿರಲಿಲ್ಲ.

ಒಂದನೆಯ ತರಗತಿಯ ವಿಜಯಶ್ರೀ ಶಾಲೆಗೆ ಸೇರಿ ತಿಂಗಳುಗಳಾದರೂ ತುಟಿ ಬಿಚ್ಚಿರಲಿಲ್ಲ. ಟೀಚರ್ ಬೈಯಲಿಲ್ಲ. ದಿನವೂ ಪಕ್ಕದಲ್ಲಿ ಕೂಡಿಸಿಕೊಂಡು, ಕಾರ್ಡು ಕೊಟ್ಟು ಕಾದರು. ಕೊನೆಗೊಂದು ದಿನ ಹುಡುಗಿ ಈರುಳ್ಳಿ ಚಿತ್ರದ ಕಾರ್ಡು ಎತ್ತಿಕೊಂಡಳು. ನೆಲದ ಮೇಲೆ ಬರೆದಿದ್ದ ಅಕ್ಷರದ ಮನೆಗಳಲ್ಲಿ ‘ಉ’ ಹುಡುಕಿ, ಅಲ್ಲಿಟ್ಟು, “ಉಳ್ಳಾಗಡ್ಡಿ” ಅಂದಳು.

ಗ್ರಹಚಾರಕ್ಕೆ ಅಂದೇ ಹೊಸ ಮೇಲ್ವಿಚಾರಕ ಗುರುಪಾದ ಬಂದು ನಿಂತಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಈ ಮನುಷ್ಯ ಇದೇ ಸೀಮೆಯ ಹವಳಗಾದಲ್ಲಿ ಹುಟ್ಟಿ, ರೊಟ್ಟಿಯ ಜೊತೆ ಉಳ್ಳಾಗಡ್ಡಿ ಕಚ್ಚಿಯೇ ಬೆಳೆದವರು. ಆದರೆ ಕಾರ್ಡಿನ ಹಿಂದೆ ‘ಈ’ ಎಂದು ಅಚ್ಚಾಗಿತ್ತಲ್ಲ.

“ತಪ್ಪು ಅದ ಇದು. ಈರುಳ್ಳಿ ಅನ್ಬೇಕು,” ಎಂದು ಕಾರ್ಡು ಎತ್ತಿ ‘ಈ’ ಮನೆಗೆ ಇಟ್ಟರು.

ವಿಜಯಶ್ರೀಯ ಬಾಯಿ ಮತ್ತೆ ಮುಚ್ಚಿತು. ಅಷ್ಟು ದಿನ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಟೀಚರಿಗೆ ಸಿಟ್ಟು ಬಂತು, ಅಳುವೂ ಬಂತು. ವಾದಿಸುವ ತ್ರಾಣ ಮಾತ್ರ ಇರಲಿಲ್ಲ.

ಮರುದಿನ ತಮ್ಮ ಅಡುಗೆಮನೆಯಿಂದ ಒಂದು ಈರುಳ್ಳಿ ಗಡ್ಡೆಯನ್ನೇ ಚೀಲಕ್ಕೆ ಹಾಕಿಕೊಂಡು ಬಂದರು. ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತು, ಅದನ್ನು ‘ಪ’ ಮನೆಯಲ್ಲಿಟ್ಟು ಇದು ಪ್ಯಾಜ್ ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು.

“ನಮ್ಮ ಮನ್ಯಾಗ ಉರ್ದುದಾಗ ಹಿಂಗೇ ಅಂತಾರ. ಸಾಹೇಬ್ರು ಈರುಳ್ಳಿ ಅಂತಾರ. ನೀ ಏನಂತಿ, ವಿಜಯಶ್ರೀ?”

ಹುಡುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅತ್ತ ಮೂರನೆಯ ತರಗತಿಯವರ ಗಲಾಟೆ ಶುರುವಾಗಿತ್ತು. ಟೀಚರ್ ಏಳಲಿಲ್ಲ.

ವಿಜಯಶ್ರೀ ತೆವಳಿಕೊಂಡು ಬಂದು, ಗಡ್ಡೆ ಎತ್ತಿ ‘ಉ’ ಮನೆಯಲ್ಲಿಟ್ಟಳು.

“ಇದು ಉಳ್ಳಾಗಡ್ಡಿ. ಇಷ್ಟೂ ಗೊತ್ತಿಲ್ಲೇನ್ರಿ ಟೀಚರ್?”

“ಇಲ್ಲವ್ವಾ,” ಎಂದರು ಖುರ್ಷಿದಬೇಗಂ. “ಈಗ ನೀ ಕಲಿಸಿದಿ.”