ಗುಡಿಯಲ್ಲಿ ಓದಿದ ಹೊಸಪುರ

ಮೊನ್ನೆ ಪಕ್ಕದ ಮನೆಯ ಲಲಿತಮ್ಮನವರು ಮೊಮ್ಮಗುವಿನ ನಾಮಕರಣದ ಕೊಬ್ಬರಿ-ಸಕ್ಕರೆ ತಂದುಕೊಟ್ಟರು. ಹೊಸ್ತಿಲಲ್ಲಿ ನಿಂತೇ, “ಹೊಟ್ಟೇಲಿದ್ದಾಗಲೇ ಎಲ್ಲ ಟೆಸ್ಟೂ ಮಾಡಿಸಿಬಿಟ್ವಿ ಸಾರ್. ಒಂದು ದೋಷ ಇಲ್ಲ ಅಂದ್ರು ಡಾಕ್ಟ್ರು” ಎಂದರು. ಸಂತೋಷದ ಮಾತೇ. ನಾನೂ ಬಹಳ ಸಂತೋಷ ಎಂದೆ. ಆದರೆ ಅವರು ಹೋದ ಮೇಲೆ ಪೊಟ್ಟಣ ಬಿಚ್ಚಿದಾಗ ಒಣಕೊಬ್ಬರಿಯ ವಾಸನೆ ಬಂತು ನೋಡಿ, ಕೈ ಹಾಗೇ ನಿಂತುಬಿಟ್ಟಿತು. ನಲವತ್ತು, ಐವತ್ತು ವರ್ಷ ಹಿಂದಿನ ಒಂದು ಬೆಳಗ್ಗೆ ಎದುರಿಗೆ ಬಂದು ನಿಂತಿತು. ಅದನ್ನು ನಿಮಗೆ ನಿಧಾನವಾಗಿ ಹೇಳುತ್ತೇನೆ. ಅವಸರದಲ್ಲಿ ಹೇಳಿದರೆ ಯಾರಿಗಾದರೂ ಅನ್ಯಾಯವಾಗುತ್ತದೆ.

ಆಗ ನಾನು ಸಾಲಿಗ್ರಾಮದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಗ್ರಹಣ ಹೇಗೆ ಹಿಡಿಯುತ್ತದೆ ಎಂದು ಕಿತ್ತಳೆಹಣ್ಣು, ನಿಂಬೆಹಣ್ಣು ಇಟ್ಟು ತೋರಿಸಬಲ್ಲೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ನಾನು ವಿಜ್ಞಾನಿ ಎಂದುಕೊಂಡಿದ್ದೆ. ಆ ಊರಿನಲ್ಲಿ ನನ್ನನ್ನು ಹಾಗೆಂದು ಒಪ್ಪಿದ್ದವರು ಮಹದೇವಪ್ಪನವರೊಬ್ಬರೇ. ಅವರದು ಬೀಜ-ಗೊಬ್ಬರದ ಅಂಗಡಿ. ಗಿಡ್ಡ ತಳಿಯ ಹೊಸ ಭತ್ತ ಬಂದ ಕಾಲ ಅದು. ಅದನ್ನು ನಂಬದ ರೈತರಿಗೆಲ್ಲ ಉಪನ್ಯಾಸ ಕೊಟ್ಟು, ಕೊನೆಗೆ ಅವರ ಗದ್ದೆಯಲ್ಲಿ ತೆನೆ ತೂಗಿದಾಗ ಮಹದೇವಪ್ಪನವರಿಗೆ ತಾವೇ ಹೆತ್ತಷ್ಟು ಹೆಮ್ಮೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಗೊಬ್ಬರದ ಚೀಲಗಳ ನಡುವೆ ಕೂತು ಅವರೊಂದು ಕಾದಂಬರಿ ಬರೆಯುತ್ತಿದ್ದರು. ಮುಂದೆಂದೋ ಬರುವ ಕಾಲದ ಕಥೆ. ಅದರಲ್ಲಿ ಹೊಸಪುರ ಎಂಬ ಊರು. ಅಲ್ಲಿ ಪೊಲೀಸ್ ಸ್ಟೇಷನ್ ಇಲ್ಲ, ಕೋರ್ಟಿಲ್ಲ, ಹಸಿವಿಲ್ಲ, ಕಾಯಿಲೆಯಿಲ್ಲ. ಊರ ನಡುವೆ ಬೀಜದ ಮನೆ. ಹುಟ್ಟಲಿರುವ ಮಗುವಿನ ಜೀವಕಣವನ್ನು ಅಲ್ಲಿನ ಪಂಡಿತರು ಮೊದಲೇ ನೋಡಿ, ತಿದ್ದಿ, ಒಳ್ಳೆಯದನ್ನು ಆರಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಾರೆ.

“ಬತ್ತುಕ್ಕಾದ್ರೆ ಒಳ್ಳೆ ತಳಿ ಆರಿಸ್ಬೌದು, ಮನುಷ್ಯನಿಗೆ ಯಾಕ್ ಬ್ಯಾಡ ಯೋಳಿ ಮೇಷ್ಟ್ರೇ?” ಎಂದು ಅವರು ಕೇಳಿದರೆ ನಾನು ಬೀಡಿ ಹೊಗೆಯಲ್ಲಿ ತಲೆಯಾಡಿಸುತ್ತಿದ್ದೆ.

ಶ್ರಾವಣದಲ್ಲಿ ಬಸವಣ್ಣನ ಗುಡಿಯ ಜಗಲಿಯಲ್ಲಿ ದಿನಾ ಸಂಜೆ ಪುರಾಣ ಓದುವುದು ಅಲ್ಲಿನ ರೂಢಿ. ಆ ವರ್ಷ ಓದುವ ಅಯ್ಯನವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಶ್ರಾವಣ ಬರಿದೇ ಹೋಗಬಾರದೆಂದು ಊರವರು ಮಹದೇವಪ್ಪನವರನ್ನು ಕೇಳಿದರು. ಅವರು ತಮ್ಮ ಹೊಸಪುರವನ್ನೇ ಓದಲು ಕೂತರು. ಊರಿನವರು ಯಾವುದನ್ನೂ ಬದಲಿಸಲಿಲ್ಲ. ಮೊದಲು ಹಣೆಗೆ ವಿಭೂತಿ, ಎದುರಿಗೆ ದೀಪ, ಓದು ಮುಗಿದ ಮೇಲೆ ಮಂಗಳಾರತಿ.

ಪುರಾಣದಲ್ಲಿ ಜನನದ ಪ್ರಸಂಗ ಬಂದ ದಿನ ಅಲ್ಲಿಯ ಹೆಂಗಸರು ಜಗಲಿಯ ಕಂಬಗಳಿಗೆ ಸೀರೆ ಕಟ್ಟಿ, ಗುಂಡುಕಲ್ಲಿಗೆ ಬಟ್ಟೆ ಸುತ್ತಿ ಮಲಗಿಸಿ, ಜೋಗುಳ ಹಾಡಿ ತೂಗುತ್ತಾರೆ. ಹೊಸಪುರದಲ್ಲಿ ಮೊದಲ ಮಗು ಗಾಜಿನ ಪಾತ್ರೆಯಿಂದ ಹೊರಬಂದ ಸಂಜೆಯೂ ಅವರು ತೊಟ್ಟಿಲು ಕಟ್ಟಿದರು. ಮಹದೇವಪ್ಪನವರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಮೊದಲು ತೂಗಿದವಳು ಸರ್ವಮ್ಮ. ನಮ್ಮ ಬೀದಿಯ ನಿಂಗವ್ವನ ಸೊಸೆ, ಏಳು ತಿಂಗಳ ಬಸುರಿ. ಅವಳ ಮೊದಲ ಮಗಳಿಗೆ ಕಿವಿ ಕೇಳದು, ಮಾತೂ ಬಾರದು. ಈ ಸಲದ ಮಗುವಾದರೂ ಕೇಳಲಿ ಎಂದು ನಿಂಗವ್ವ ಕಾಯಿ ಒಡೆಸಿ, ಎಲ್ಲರಿಗೂ ಕೊಬ್ಬರಿ-ಸಕ್ಕರೆ ಹಂಚಿದಳು.

ಮರುಸಂಜೆಯ ಅಧ್ಯಾಯದಲ್ಲಿ ಬೀಜದ ಮನೆಯ ಪಂಡಿತರು ಕುರುಡು, ಕಿವುಡು, ಕುಂಟು ಬರಬಹುದಾದ ಜೀವಕಣಗಳನ್ನೆಲ್ಲ ಆರಿಸಿ ಹೊರಗೆ ಹಾಕಿದರು. “ಇನ್ನು ಈ ಊರಿಗೆ ಕೆಟ್ಟ ಬಿತ್ತನೆ ಇಲ್ಲ” ಎಂದು ಊರೆಲ್ಲ ದೀಪ ಹಚ್ಚಿತು. ಮಹದೇವಪ್ಪನವರು ಆ ಸಾಲನ್ನು ದನಿ ಏರಿಸಿ ಓದಿದರು. ಮಂಗಳಾರತಿ ಆಯಿತು. ಎಲ್ಲರೂ ಎದ್ದು ಮನೆಗೆ ಹೋದೆವು.

ಬೆಳಗ್ಗೆ ಶಾಲೆಗೆ ಹೊರಟಾಗ ನಿಂಗವ್ವನ ಮನೆ ಮುಂದೆ ಜನ. ಜಗಲಿಯ ಮೇಲೆ ಒಂದು ಬಟ್ಟೆಗಂಟು. ಪಕ್ಕದಲ್ಲಿ ಸರ್ವಮ್ಮ ಮಗಳ ಕೈ ಹಿಡಿದು ನಿಂತಿದ್ದಳು. ಅವಳ ಗಂಡ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ನಿಂಗವ್ವ ಅಳುತ್ತಲೂ ಇರಲಿಲ್ಲ, ಕೂಗುತ್ತಲೂ ಇರಲಿಲ್ಲ. ಶಾಂತವಾಗಿಯೇ ಹೇಳಿದಳು:

“ಅವಳ ತವರು ಭೇರ್ಯದಾಗೈತೆ ಮೇಷ್ಟ್ರೇ. ಬಸ್ಸಿಗೆ ಅತ್ತುಸ್ತೀವಿ. ಅಲ್ಲೇ ಇರ್ಲಿ. ಕೆಟ್ ಬಿತ್ನೆ ಮನೇಲಿ ಮಡಿಕ್ಕಬಾರ್ದು ಅಂತ ರಾತ್ರಿ ಗುಡೀಲಿ ಓದ್ನಿಲ್ವಾ?”

ನಾನು ಓಡಿಹೋಗಿ ಮಹದೇವಪ್ಪನವರನ್ನು ಕರೆತಂದೆ. ಅವರು ಅಂಗಡಿಯ ಕೀ ಕೈಯಲ್ಲೇ ಹಿಡಿದು ಬಂದರು.

“ಅವ್ವಾ, ಅದು ಕತೆ ಕಣವ್ವ! ನಾನೇ ಕಟ್ಟಿದ್ದು!”

“ಗುಡೀಲಿ ಓದಿದ್ದು ಕತೆ ಎಂಗಾದದು ಸಾವ್ಕಾರ್ರೇ? ನಾನು ಕಾಯಿ ಒಡ್ಸಿವ್ನಿ.”

“ತಪ್ಪಾತು ಅಂದ್ಕೊ. ಇವತ್ತು ಸಂಜೆ ಬದ್ಲಾಯ್ಸಿ ಓದ್ತೀನಿ. ಬೀಜದ್ ಮನೆಗೆ ಬೀಗ ಆಕುಸ್ತೀನಿ.”

“ನಿನ್ನೆ ಒಂದು, ಇವತ್ತೊಂದಾ? ಅದ್ಯಾವ ಸೀಮೆ ಪುರಾಣ ಬುಡಿ” ಎಂದಳು ನಿಂಗವ್ವ.

ಅಷ್ಟರಲ್ಲಿ ಸರ್ವಮ್ಮ ಮೊದಲ ಬಾರಿಗೆ ಬಾಯಿ ತೆರೆದಳು. “ಅಣ್ಣಾ, ನೀವು ಓದಿದ ಆ ಊರ್ನಾಗೆ ತಾಯ್ದೀರು ಎಲ್ಲವ್ರೆ? ಎಲ್ಡು ದಿನ ಕಿವಿಗೊಟ್ಟು ಕೇಳ್ದೆ. ಒಬ್ಬಳೂ ಬರ್ನಿಲ್ಲ.”

ಗಂಟನ್ನು ಅವಳೇ ಎತ್ತಿಕೊಂಡಳು. ಗಂಡ ಎರಡು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ತಾಯಿ ಮಗಳು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಆ ದಿನ ಅಂಗಡಿಯಲ್ಲಿ ನಾವಿಬ್ಬರೂ ಜಗಳವಾಡಿದೆವು. ಅಂಥ ಊರು ನಿಜಕ್ಕೂ ಇದ್ದರೆ ಆ ವಿದ್ಯೆಯನ್ನು ಕಟ್ಟಿಹಾಕಬೇಕು ಎಂದೆ ನಾನು.

“ಆ ಮಗೀಗೆ ಕಿವಿ ಬರ್ಸೋದೂ ಅದೇ ವಿದ್ಯೆ ಕಣ್ರೀ!” ಎಂದು ಅವರು ಮೇಜು ಗುದ್ದಿದರು. “ಅದುಕ್ಕೂ ಬೀಗ ಆಕ್ಲಾ? ಅವಳ ಮುಂದೆ ನಿಂತು ಯೋಳ್ತೀರಾ, ಬರ್ಸೋ ದಾರಿ ಇತ್ತು, ನಾವೇ ಮುಚ್ಚುದ್ವಿ ಅಂತ?”

“ಹಾಗಾದರೆ ಬೀಜದ ಮನೆಯ ಕೀ ಯಾರ ಕೈಯಲ್ಲಿರುತ್ತೆ?” ಎಂದೆ.

“ಊರಿನ ಇರೀಕರ ಕೈಲಿ. ತಿಳಿದೋರ ಕೈಲಿ.”

“ನಿಂಗವ್ವನೂ ಆ ಮನೆಗೆ ಹಿರಿಯಳೇ.”

ಅವರು ಅಂಗಡಿಯ ಕೀಯನ್ನು ಮೇಜಿನ ಮೇಲಿಟ್ಟರು. ಆಮೇಲೆ, “ಓದೋಕ್ ಮುಂಚೇನೆ ಬೀಗ ಬರೀಬೇಕಾಗಿತ್ತು ಮೇಷ್ಟ್ರೇ. ಆಮ್ಯಾಲೆ ಬರುದ್ರೆ ಯಾರೂ ಕೇಳಲ್ಲ” ಎಂದರು. ಆ ಸಂಜೆ ಅವರು ಓದಲಿಲ್ಲ. ಜಗಲಿಯಲ್ಲಿ ದೀಪ ಮಾತ್ರ ಹಚ್ಚಿಟ್ಟರು.

ದೀಪಾವಳಿಯ ಹೊತ್ತಿಗೆ ಭೇರ್ಯದಲ್ಲಿ ಸರ್ವಮ್ಮನಿಗೆ ಗಂಡುಮಗು ಆಯಿತು. ಕೆಲವು ತಿಂಗಳ ಮೇಲೆ, ತಟ್ಟೆ ಬಡಿದರೆ ಬೆಚ್ಚಿ ಅಳುತ್ತದಂತೆ ಎಂಬ ಸುದ್ದಿ ಬಂತು. ನಿಂಗವ್ವ ಹೊಸ ತೊಟ್ಟಿಲು ಹೊರಿಸಿಕೊಂಡು, ಮಹದೇವಪ್ಪನವರನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು ಸೊಸೆಯನ್ನು ಕರೆಯಲು ಹೋದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ. ಅದನ್ನು ನಾನು ಹೇಳಲೇಬೇಕು.

ಸರ್ವಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅತ್ತೆಯ ಮಡಿಲಿಗೆ ಮಗುವನ್ನೂ ಹಾಕಿದಳು. ಆಮೇಲೆ ಕೇಳಿದಳು: “ಇವನಿಗೆ ಕೇಳ್ತದೆ ಅಂತ ಬಂದ್ರಲ್ಲ ಅತ್ತೆಮ್ಮ, ಕೇಳ್ದೆ ಇದ್ದಿದ್ರೆ?”

ನಿಂಗವ್ವ ಮಗುವಿನ ಕಾಲು ಸವರುತ್ತ ಕೂತಳು. ಸರ್ವಮ್ಮ ಹೊರಡಲಿಲ್ಲ. ತೊಟ್ಟಿಲು ನಮ್ಮ ಜೊತೆಯಲ್ಲೇ ವಾಪಸು ಬಂತು. ಹೆಂಡತಿಯ ಊರಿಗೇ ಹೋಗಿ ನೆಲೆಸಲು ಅವಳ ಗಂಡನಿಗೆ ಇನ್ನೊಂದು ಮಳೆಗಾಲ ಬೇಕಾಯಿತು.

ಇಷ್ಟೆಲ್ಲ ನೆನಪಾದ ಸಂಜೆ ನಾನು ಪಕ್ಕದ ಮನೆಗೆ ಮಗು ನೋಡಲು ಹೋದೆ. ಆಶೀರ್ವಾದ ಮಾಡಿ ಬರಬೇಕಿತ್ತು. ಅದರ ಬದಲು, ಈ ವಯಸ್ಸಿನಲ್ಲಿ ಬರಬಾರದ ಮಾತು ಬಾಯಿಗೆ ಬಂತು. “ದೋಷ ಇದೆ ಅಂದಿದ್ದರೆ ಏನು ಮಾಡುತ್ತಿದ್ದಿರಿ ಲಲಿತಮ್ಮ?”

“ಶುಭದ ದಿನ ಏನು ಸಾರ್ ನೀವು!” ಎಂದು ಅವರು ನಗಲು ನೋಡಿ, ಕಾಫಿ ತರುತ್ತೇನೆಂದು ಒಳಗೆ ಹೋದರು.

ಅವರ ಬಾಣಂತಿ ಸೊಸೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಮಗು ಹೆಗಲ ಮೇಲಿತ್ತು. ಅಡುಗೆಮನೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

“ದೋಷ ಇದೆ ಅಂದ್ರೆ ಏನು ಮಾಡಬೇಕು ಅಂತ ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ರು ಸಾರ್. ನನ್ನ ಕೇಳಿರಲಿಲ್ಲ.”